ಗೊಂಬೆಮನೆಗೆ ಬಂದ ಜನ

ಕುಂದಗೋಳದ ಗೊಂಬೆಮನೆಯಿಂದ ಯಾರೂ ಸುಮ್ಮನೆ ಮೆಟ್ಟಿಲಿಳಿಯುವಂತಿರಲಿಲ್ಲ. ಹತ್ತು ರೂಪಾಯಿಯ ಪೀಪಿ ಕೊಂಡಿರಲಿ, ಹಟ ಹಿಡಿದ ಮಗುವನ್ನು ಏನೂ ಕೊಡಿಸದೆ ಎಳೆದೊಯ್ಯುತ್ತಿರಲಿ, ಹೋಗುವಾಗ ‘ಬರ್ತೇವ್ರಿ ಕಾಕಾ’ ಎನ್ನಲೇಬೇಕು. ಮರೆತರೆ ಮಾಲೀಕ ಗುಡದಪ್ಪ ಗಲ್ಲಾ ಪೆಟ್ಟಿಗೆಯ ಹಿಂದಿನಿಂದಲೇ ಕೂಗುತ್ತಿದ್ದ: “ಏ, ಹೇಳಿ ಹೋಗ್ರಿ! ಮತ್ತ ಬರಾವ್ರಲ್ಲೇನು?”

ಒಂದು ಕಾಲಕ್ಕೆ ಗೊಂಬೆಮನೆ ನಾಲ್ಕು ಊರಲ್ಲಿತ್ತು. ಕುಂದಗೋಳದ್ದು ಮೊದಲನೆಯದು, ಆಮೇಲೆ ನವಲಗುಂದ, ಅಣ್ಣಿಗೇರಿ, ಕಲಘಟಗಿ. ನಾಲ್ಕೂ ಕಡೆ ಅದೇ ಹಳದಿ ಬೋರ್ಡು, ಬಾಗಿಲಲ್ಲಿ ಕೀಲಿ ಕೊಟ್ಟರೆ ಡೋಲು ಬಾರಿಸುವ ಅದೇ ಮಂಗ. ನಾಲ್ಕು ಅಂಗಡಿ ಸುತ್ತುವಾಗ ಗುಡದಪ್ಪನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆಮೇಲೆ ಮಕ್ಕಳ ಕೈಗೆ ಮೊಬೈಲು ಬಂತು. ಮೊಬೈಲಿನಲ್ಲೇ ಆಟಿಕೆಯ ಅಂಗಡಿಯೂ ಬಂತು. ಕೊರಿಯರ್‌ನವನು ಆಟಿಕೆಯ ಡಬ್ಬಿ ಹಿಡಿದುಕೊಂಡು ಬಂದು, ಕೊಂಡವರ ಮನೆ ಎಲ್ಲಿ ಬರ್ತದೆಂದು ಗುಡದಪ್ಪನನ್ನೇ ಕೇಳಿದ ದಿನವೂ ಉಂಟು. ಗುಡದಪ್ಪ ಪಾಪ, ದಾರಿ ತೋರಿಸಿದ. ಕಲಘಟಗಿಯ ಅಂಗಡಿ ಮೊದಲು ಹೋಯಿತು, ಅಣ್ಣಿಗೇರಿಯದು ಔಷಧಿ ಅಂಗಡಿಯಾಯಿತು, ನವಲಗುಂದದ್ದೂ ಉಳಿಯಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಕುಂದಗೋಳದ್ದೊಂದು ನಿಂತಿತ್ತು. ಈ ದಸರೆ ಮುಗಿದ ಮೇಲೆ ಅದನ್ನೂ ಮುಚ್ಚುವುದೆಂದು ತೀರ್ಮಾನಿಸಿ, ‘ಅಂಗಡಿ ಮುಚ್ಚುತ್ತಿದ್ದೇವೆ, ಎಲ್ಲವೂ ಅರ್ಧ ಬೆಲೆ’ ಎಂದು ಹಾಳೆ ಬರೆದು ಅಂಟಿಸಿದ.

ಅಂಟಿಸಿದ್ದೇ ತಡ, ಜನ ಬಂದರು. ಹತ್ತು ವರ್ಷದಿಂದ ಮುಖ ತೋರಿಸದವರೆಲ್ಲ ಬಂದರು. ಮೀಸೆ ಬಂದವರು, ಮೀಸೆ ನರೆತವರು, ಮನೆಯಲ್ಲಿ ಒಂದೂ ಮಗುವಿಲ್ಲದವರು. ಎಂಟು ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆಟಿಕೆ ಬಿಚ್ಚಿ ಆಡಿಸಿ ತೋರಿಸುತ್ತ ಬಂದಿದ್ದ ಸುಮಂಗಲಾಳಿಗೆ ಊಟಕ್ಕೂ ಪುರುಸೊತ್ತಾಗಲಿಲ್ಲ.

ಆಸೆ ಬಹಳ ಕೆಟ್ಟದ್ದು. ರವಿವಾರ ಸಂಜೆ ಗುಡದಪ್ಪ ಆ ಹಾಳೆಯನ್ನು ಕಿತ್ತು ಮುದ್ದೆ ಮಾಡಿದ.

“ನೆಗಡಿ ಬಂತಂತ ಮೂಗ ಕೊಯ್ಕೊಳ್ಳಾಕ ಹೊಂಟಿದ್ದೆ ನೋಡು ಸುಮಂಗಲಾ. ಜನ ನಮ್ಮನ್ನ ಮರ್ತಿಲ್ಲ. ಅಂಗಡಿ ಮುಚ್ಚೂದಿಲ್ಲ. ಹೊಸಾ ಮಾಲು ತರಸ್ತೇನಿ.”

ಸುಮಂಗಲಾ ಕೈಯಲ್ಲಿದ್ದ ಬುಗುರಿಯನ್ನು ಡಬ್ಬಿಗೆ ಹಾಕಿದಳು. ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಮರುದಿನವೇ ಹೋಗಬೇಕಿತ್ತು. ನಲವತ್ತೈದು ದಾಟಿದವಳಿಗೆ ಇನ್ನೊಂದು ಕೆಲಸ ಸುಲಭಕ್ಕೆ ಸಿಗುವಂಥದ್ದಲ್ಲ. ಅದು ಗುಡದಪ್ಪನಿಗೂ ಗೊತ್ತಿತ್ತು.

“ನೀ ಇದ್ರ ಗೊಂಬಿಮನಿ,” ಎಂದ ಅವನು, ಬೇರೆ ಕಡೆ ನೋಡುತ್ತ. “ಇಲ್ಲಂದ್ರ ಬರೇ ಪ್ಲಾಸ್ಟಿಕ್.”

ಅವಳು ಹುಬ್ಬಳ್ಳಿಗೆ ಫೋನು ಮಾಡಿದಳು. ಬುಧವಾರ ಮಧ್ಯಾಹ್ನದ ತನಕ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ತಗೊಳ್ಳುತ್ತೇವೆ ಎಂದರು ಅವರು.

ಸೋಮವಾರ ಗುಡದಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಗಿರಾಕಿ ಬರಲಿಲ್ಲ. ಸಂಜೆ ಐದಕ್ಕೆ ಮಂಗಕ್ಕೆ ಕೀಲಿ ಕೊಟ್ಟ. ಶಾಲೆ ಬಿಟ್ಟ ಮಕ್ಕಳು ಬಾಜು ಅಂಗಡಿಯಲ್ಲಿ ಚಿಪ್ಸು ಕೊಂಡು ಹೋದವು. ಮಂಗಳವಾರ ಒಬ್ಬರು ಬಂದು ನೂರರ ಚಿಲ್ಲರೆ ಕೇಳಿದರು, ಅಷ್ಟೇ. ಸುಮಂಗಲಾ ಒರೆಸಿದ ಕಪಾಟನ್ನೇ ಮತ್ತೆ ಒರೆಸಿದಳು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ದುರಗವ್ವ ಮೆಟ್ಟಿಲು ಹತ್ತಿದಳು. ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ ಎಂದು ಈ ಅಂಗಡಿಯ ಗಿಲಕಿಗಳನ್ನೆಲ್ಲ ಖಾಲಿ ಮಾಡಿದ್ದ ಹಳೆಯ ಗಿರಾಕಿ ಅವಳು. ಕೈಯಲ್ಲಿ ಅರ್ಧ ಡಜನ್ ಬಾಳೆಹಣ್ಣು.

“ಯರಗುಪ್ಪಿಗೆ ಮಗಳ ಮನಿಗೆ ಹೋಗಿದ್ನೆಪಾ, ಸುದ್ದಿ ತಡಾ ಗೊತ್ತಾತು,” ಎಂದು ಹಣ್ಣನ್ನು ಗಲ್ಲಾ ಪೆಟ್ಟಿಗೆಯ ಮೇಲಿಟ್ಟಳು. “ಎಲ್ಲಾರೂ ಬಂದು ಹೋದ್ರಂತ. ನಂದ ಉಳದಿತ್ತು.”

ಗುಡದಪ್ಪನ ಮುಖ ಅರಳಿತು. “ಬಾ ಬೇ ದುರಗವ್ವಾ. ಏನ ತೋರಸ್ಲಿ? ರೈಲು? ಮಾತಾಡೋ ಗೊಂಬಿ?”

“ಅದೆಲ್ಲಾ ಯಾರಿಗೆ? ಮೊಮ್ಮಕ್ಕಳು ಕಾಲೇಜಿಗೆ ಹೋಗ್ತಾವು. ಒಂದ ಪೀಪಿ ಕೊಡು, ಸಾಕು.” ಪೀಪಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಸುತ್ತಲೂ ಒಮ್ಮೆ ನೋಡಿದಳು, ಡೋಲು ಹಿಡಿದ ಮಂಗನ ತಲೆ ಸವರಿದಳು, ಗುಡದಪ್ಪನ ಮುಂಗೈ ಮುಟ್ಟಿದಳು. ಮಾತಿಲ್ಲದೆ ಮೆಟ್ಟಿಲಿಳಿದಳು.

“ಏ, ಹೇಳಿ ಹೋಗು! ಮತ್ತ ಬರಾಕಿ ಅಲ್ಲೇನು?” ರೂಢಿಯಂತೆ ಕೂಗಿದ ಗುಡದಪ್ಪ.

ಮುದುಕಿ ತಿರುಗಿ ನೋಡಿದಳು. “ಮಾತಾಡ್ಸಾಕ ಬಂದಾವ್ರು ಹಂಗ ಹೇಳಬಾರದಪಾ,” ಎಂದು ಮೆಲ್ಲಗೆ ಅಂದು ಹೋದಳು.

ಸಾವಾದ ಮನೆಗೆ ಮಾತಾಡಿಸಲು ಹೋದವರು ‘ಬರ್ತೇವಿ’ ಎನ್ನುವುದಿಲ್ಲ. ಸುಮ್ಮನೆ ಎದ್ದು ಬರುತ್ತಾರೆ. ಊರಿಗೆ ಊರೇ ಬಲ್ಲ ರಿವಾಜು. ಗುಡದಪ್ಪನೂ ಎಷ್ಟು ಮನೆಗಳಿಂದ ಹಾಗೆ ಎದ್ದು ಬಂದಿರಲಿಲ್ಲ! ಅವನು ಎಂಟು ದಿನಗಳನ್ನು ನೆನೆಸಿಕೊಂಡ. ಒಬ್ಬ ಪೀಪಿ, ಒಬ್ಬ ಬುಗುರಿ, ಒಬ್ಬ ಎರಡು ಬಲೂನು. ಬಂದಷ್ಟೂ ಜನ ಕಣ್ಣಿಗೆ ಕಟ್ಟಿದಂತಿದ್ದರು, ಆದರೆ ‘ಬರ್ತೇವ್ರಿ ಕಾಕಾ’ ಎಂಬ ಮಾತು ಒಂದೂ ನೆನಪಾಗಲಿಲ್ಲ. ಗದ್ದಲದಲ್ಲಿ ಅವನ ಕಿವಿಗೆ ಅದರ ಕೊರತೆ ಬಿದ್ದಿರಲೇ ಇಲ್ಲ. ಅವರು ವ್ಯಾಪಾರಕ್ಕೆ ಬಂದಿರಲಿಲ್ಲ. ಇವನು ಅದನ್ನು ವ್ಯಾಪಾರವೆಂದು ತಿಳಿದು, ಒಬ್ಬ ಹೆಣ್ಣುಮಗಳ ಅನ್ನಕ್ಕೆ ಅಡ್ಡ ನಿಂತಿದ್ದ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು.

“ನಿನಗ ಗೊತ್ತಿತ್ತೇನು?” ಎಂದು ಕೇಳಿದ.

“ಮೊದಲನೇ ದಿನದಿಂದನ ಗೊತ್ತಿತ್ರಿ,” ಎಂದಳು ಸುಮಂಗಲಾ. “ನಿಮ್ಮ ಮುಖಾ ನೋಡಿ ಬಾಯಿ ಬರ್ಲಿಲ್ಲ.”

ಗುಡದಪ್ಪ ಗಡಿಯಾರ ನೋಡಿದ. “ಹತ್ತರ ಬಸ್ ಐತಿ. ಹನ್ನೊಂದಕ್ಕ ಹುಬ್ಬಳ್ಳಿ ಮುಟ್ಟತಿ. ನಡಿ.”

“ಕಾಕಾ, ನೀವು ಹೊಸಾ ಮಾಲು—”

“ಮಾಲು ಬ್ಯಾಡಂತ ಫೋನ್ ಮಾಡ್ತೇನಿ. ನಡಿ ಅಂದೆ.”

ಸುಮಂಗಲಾ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕಪಾಟಿನಿಂದ ಒಂದು ಪೀಪಿ ತೆಗೆದುಕೊಂಡು, ಹತ್ತು ರೂಪಾಯಿಯ ನಾಣ್ಯವನ್ನು ಬಾಳೆಹಣ್ಣಿನ ಪಕ್ಕದಲ್ಲಿಟ್ಟಳು. ಈ ಇಪ್ಪತ್ತೆರಡು ವರ್ಷದಲ್ಲಿ ಗುಡದಪ್ಪ ಅವಳ ಮಕ್ಕಳ ಆಟಿಕೆಗೆ ಒಂದು ರೂಪಾಯಿ ಮುಟ್ಟಿದವನಲ್ಲ. ಇವತ್ತು ನಾಣ್ಯವನ್ನು ಎತ್ತಿ ಗಲ್ಲಾ ಪೆಟ್ಟಿಗೆಗೆ ಹಾಕಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಯಿ ಬಿಡದೆ, ತಲೆ ತಗ್ಗಿಸಿ ಮೆಟ್ಟಿಲಿಳಿದಳು.

ಅವಳು ರಸ್ತೆ ಮುಟ್ಟಿದಾಗ ಗುಡದಪ್ಪನಿಗೆ ತಡೆಯಲಾಗಲಿಲ್ಲ. ಬಾಗಿಲ ತನಕ ಓಡಿ ಬಂದ.

“ಏ ಸುಮಂಗಲಾ! ಸತ್ತದ್ದು ಅಂಗಡಿ ಯವ್ವಾ, ನಾ ಅಲ್ಲ. ಹೇಳಿ ಹೋಗು!”

ಅವಳು ನಿಂತಳು. ಅಳುತ್ತ, ನಗುತ್ತ, ಬೀದಿಯವರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ ಕೂಗಿದಳು.

“ಬರ್ತೇನ್ರಿ ಕಾಕಾ!”