ಟೈಲರನ ಕಾಲಿನ ದಾರ

ಕಂಡವರ ಮನೆ ವಿಷಯಕ್ಕೆ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಪುಣ್ಯಕ್ಕೆ ಸರ್ಕಾರ ಅದಕ್ಕೇ ಸಂಬಳ ಕೊಡುತ್ತದೆ. ಮನೆಯಲ್ಲೇ ತಮ್ಮವರ ಆರೈಕೆ ಮಾಡುವವರ ಪಟ್ಟಿ ತಯಾರಿಸುವುದು ನನ್ನ ಕೆಲಸ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಆರೈಕೆ ಮಾಡುವವರಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು. ಅಷ್ಟು ಹೊತ್ತು ಬೀದಿಯ ಸಂಘದವರು ಬಂದು ರೋಗಿಯ ಜೊತೆ ಇರುತ್ತಾರೆ.

ಫಾರಂ ಹಿಡಿದು ಮನೆಯ ಮುಂಭಾಗದ ಅಂಗಡಿಗೆ ಹೋದರೆ, ಟೈಲರ್ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಆ ತಲೆ ನೋಡಿಯೇ ನನಗೆ ನಗು ಬಂತು. ಕೂದಲು ಇಲಿ ಕಡಿದ ಹಾಗಿತ್ತು. ಆರು ವರ್ಷದಿಂದ ಬಟ್ಟೆ ಕತ್ತರಿಯಲ್ಲೇ ಕತ್ತರಿಸಿಕೊಳ್ಳುತ್ತಿದ್ದನಂತೆ. ಲಕ್ವ ಹೊಡೆದ ಅಕ್ಕನನ್ನು ಒಂಟಿಯಾಗಿ ಬಿಟ್ಟು ಕ್ಷೌರದಂಗಡಿಯಲ್ಲಿ ಕೂರಲು ಅವನಿಗೆ ಮನಸ್ಸಿಲ್ಲ.

“ದಿನಕ್ಕೆ ಎಷ್ಟು ಗಂಟೆ ನೋಡ್ಕೋತೀರಿ?”

“ಸ್ನಾನ, ಊಟ, ಮಾತ್ರೆ... ಎರಡು ಗಂಟೆ ಬರ್ಕೊಳ್ಳಿ ಮೇಡಂ.”

“ಬರೀ ಎರಡಾ? ಹಾಗಾದ್ರೆ ಬಿಡುವು ಸಿಗಲ್ಲ.”

“ಇಲ್ಲದ್ದನ್ನ ಹೇಗೆ ಹೇಳ್ಲಿ? ಮಿಕ್ಕ ಹೊತ್ತೆಲ್ಲ ಹೊಲೀತಾ ಇರ್ತೀನಿ.”

ಇಂಥ ಪ್ರಾಮಾಣಿಕರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಫೈಲು ಮುಚ್ಚಿ ಏಳಬೇಕು, ಅಷ್ಟರಲ್ಲಿ ಅವನ ಎಡಗಾಲಿನ ಹೆಬ್ಬೆರಳು ತಟ್ಟನೆ ಅಲುಗಿತು. ಅದಕ್ಕೊಂದು ಕೆಂಪು ದಾರ ಕಟ್ಟಿತ್ತು. ಅವನು ಯಂತ್ರ ನಿಲ್ಲಿಸಿ, ದಾರ ಬಿಚ್ಚಿ ಒಳಗೆ ಹೋದ. ಎರಡು ನಿಮಿಷಕ್ಕೆ ಬಂದು ಮತ್ತೆ ಕಟ್ಟಿಕೊಂಡ.

ನನಗೆ ಕುತೂಹಲ ತಡೆಯಲಾಗಲಿಲ್ಲ. “ಏನ್ರೀ ಇದು?”

“ಇದಾ? ಇನ್ನೊಂದು ತುದಿ ಅಕ್ಕನ ಕೈಲಿದೆ. ಕೂಗೋಕೆ ಅವಳಿಗೆ ಶಕ್ತಿ ಇಲ್ಲ.”

“ಈಗ ಏನು ಬೇಕಿತ್ತಂತೆ?”

“ಏನೂ ಇಲ್ಲ. ಗಂಟೆಗೊಂದ್ಸಲ ಸುಮ್ನೆ ಎಳೀತಾಳೆ. ಹೋಗ್ತೀನಿ, ಮುಖ ನೋಡಿ ನಗ್ತಾಳೆ, ಬರ್ತೀನಿ.”

“ಈ ದಾರ ಕಾಲಲ್ಲಿ ಇಲ್ಲದ ಹೊತ್ತು ಯಾವುದು?”

ಅವನು ಹೊಲಿಯುತ್ತಿದ್ದ ಅಂಗಿ ಕೆಳಗಿಟ್ಟು ಯೋಚಿಸಿದ. “ಅವಳ ಹತ್ರಾನೇ ಇದ್ದಾಗ.”

“ಮಲಗಿದಾಗ?”

“ಆಗ್ಲೂ ಇರುತ್ತೆ.”

ನಾನು ಎರಡನ್ನು ಹೊಡೆದುಹಾಕಿ ಇಪ್ಪತ್ನಾಲ್ಕು ಎಂದು ಬರೆದೆ. ಫಾರಂನಲ್ಲಿ ದಾರಕ್ಕೆ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದೆ. ಕಚೇರಿಯಲ್ಲಿ ಸಾಹೇಬರು ಹುಬ್ಬು ಗಂಟಿಕ್ಕಿದರು. “ದಾರ ಕಟ್ಕೊಳ್ಳೋದೂ ಒಂದು ಕೆಲಸವೇನ್ರೀ?”

“ಒಂದು ದಿನ ನೀವೂ ಕಟ್ಕೊಂಡು ನೋಡಿ ಸಾರ್.” ಮಾತು ಬಾಯಿ ಜಾರಿಬಿಟ್ಟಿತು. ಸಾಹೇಬರು ಸ್ವಲ್ಪ ಹೊತ್ತು ತಮ್ಮ ಬೂಟನ್ನೇ ನೋಡಿ ಸಹಿ ಹಾಕಿದರು.

ಗುರುವಾರ ಅವನ ಬಿಡುವಿನ ದಿನವೆಂದಾಯಿತು. ಮೊದಲ ಗುರುವಾರ ನನಗಲ್ಲಿ ಏನೂ ಕೆಲಸವಿರಲಿಲ್ಲ, ಆದರೂ ಹೋದೆ. ಟೈಲರ್ ಕ್ಷೌರಕ್ಕೆ ಹೋಗಿದ್ದ. ಸಂಘದ ಪರವಾಗಿ ಬಂದಿದ್ದ ಎದುರುಮನೆಯ ನಿವೃತ್ತ ಟೀಚರಮ್ಮ ಅಂಗಡಿಯಲ್ಲಿ ದಾರವನ್ನು ತಮ್ಮ ಹೆಬ್ಬೆರಳಿಗೆ ಕಟ್ಟಿಕೊಂಡು ಶಿಸ್ತಾಗಿ ಕೂತಿದ್ದರು.

“ಎರಡು ಗಂಟೆ ಆಯ್ತು, ಒಂದ್ಸಲಾನೂ ಎಳೆದಿಲ್ಲ ನೋಡಿ,” ಎಂದರು. ಇಬ್ಬರೂ ಒಳಗೆ ಓಡಿದೆವು.

ಅಕ್ಕ ಕಿಟಕಿಯ ಕಡೆ ನೋಡುತ್ತ ನೆಮ್ಮದಿಯಾಗಿ ಮಲಗಿದ್ದಳು. ದಾರ ಬೆರಳಲ್ಲೇ ಇತ್ತು.

“ಯಾಕಕ್ಕ, ಇವತ್ತು ಎಳೀಲೇ ಇಲ್ಲ?” ಎಂದೆ.

ಅವಳು ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದಳು.

“ಕೂತು ಕೂತು... ಅವನ ಬೆನ್ನು ಹಿಡ್ಕೊಳ್ಳುತ್ತೆ. ಎದ್ದು ನಾಲ್ಕು ಹೆಜ್ಜೆ ನಡೀಲಿ ಅಂತ... ಎಳೀತೀನಿ. ಇವತ್ತು ಹೊರಗೆ ನಡೀತಿದ್ದಾನಲ್ಲ.”