ನೆಂಟರಲ್ಲ, ತಿಗಣೆ!

ಮೂರು ತಿಂಗಳ ಕಾಲ ನಮ್ಮ ಮನೆಯಲ್ಲಿ ಒಂದು ಪದವನ್ನು ಯಾರೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅತ್ತೆಯ ಕಟ್ಟಪ್ಪಣೆ. ಆ ಪದವನ್ನು ಈಗ ಗಟ್ಟಿಯಾಗಿಯೇ ಹೇಳುತ್ತೇನೆ, ಕೇಳಿಸಿಕೊಳ್ಳಿ: ತಿಗಣೆ.

ನಾನು ಬಟ್ಟೆ ಹೊಲಿಯುವವಳು. ಗೋಡೆಗೆ ಗೋಡೆ ಅಂಟಿಕೊಂಡ ಎಂಟು ಮನೆಗಳ ಸಾಲಿನಲ್ಲಿ ಮೂರನೆಯದು ನಮ್ಮದು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್, ಹಿಂದಿನ ಕೋಣೆಯಲ್ಲಿ ಮಂಚ. ಎಲ್ಲಕ್ಕೂ ಆ ಮಂಚವೇ ಮೂಲ. ನಮ್ಮವರು ನಲ್ಲಿ ರಿಪೇರಿ ಮಾಡುತ್ತಾರೆ. ಮುಚ್ಚಿಹೋಗುತ್ತಿದ್ದ ಒಂದು ಲಾಡ್ಜಿಗೆ ಕೆಲಸಕ್ಕೆ ಹೋದವರು ಅಲ್ಲಿ ಹೊರಗೆ ಹಾಕಿದ್ದ ಹಳೆಯ ಮಂಚವನ್ನು ಹೊತ್ತು ತಂದರು.

"ತೇಗದ್ದು ಕಣೇ! ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ" ಎಂದರು.

ತೇಗದ್ದೇ, ಸುಳ್ಳಲ್ಲ. ಆದರೆ ಅದರ ಸಂದುಗಳಲ್ಲಿ ಯಾರು ವಾಸವಾಗಿದ್ದಾರೆಂದು ನಾವ್ಯಾರೂ ಬಗ್ಗಿ ನೋಡಲಿಲ್ಲ.

ಮೂರೇ ವಾರಕ್ಕೆ ಮಗಳ ತೋಳಿನ ಮೇಲೆ ಒಂದೇ ಗೆರೆಯಲ್ಲಿ ಮೂರು ಕೆಂಪು ಗುಳ್ಳೆ ಎದ್ದವು. ಸೊಳ್ಳೆ ಎಂದರು ನಮ್ಮವರು. ಅತ್ತೆ ತಮ್ಮ ಕೈ ತೋರಿಸಿ, "ನಾನೂ ಅದೇ ಮಂಚದಲ್ಲಿ ಮಲಗೋದು. ನನಗೇನಾಗಿದೆ? ನಿಮ್ಮ ರಕ್ತವೇ ಸರಿಯಿಲ್ಲ" ಎಂದು ತೀರ್ಪು ಕೊಟ್ಟರು. ಕಚ್ಚಿದರೂ ಕೆಲವರ ಮೈಮೇಲೆ ಗುರುತು ಏಳುವುದಿಲ್ಲ ಎಂಬುದು ಆಗ ನಮಗೆ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಹಾಸಿಗೆಯ ಅಂಚಿನ ಹೊಲಿಗೆ ಬಿಟ್ಟಿತ್ತೆಂದು ಸೂಜಿ ಹಿಡಿದು ಕೂತೆ. ಹೊಲಿಗೆಯ ಉದ್ದಕ್ಕೂ ಪೆನ್ನಿನ ಮಸಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದವು. ಅಂಚಿನ ಬಟ್ಟೆಪಟ್ಟಿಯನ್ನು ಬಿಡಿಸಿದರೆ ಸೇಬಿನ ಬೀಜದಷ್ಟು ಗಾತ್ರದ, ಚಪ್ಪಟೆಯಾದ ಕಂದು ಹುಳುಗಳು. ಪಕ್ಕದಲ್ಲಿ ಬಿಳಿ ಚುಕ್ಕಿಯಂಥ ಮೊಟ್ಟೆಗಳು, ಒಣ ಪೊರೆಗಳು. "ಅಯ್ಯೋ, ತಿಗ..." ಎನ್ನುವಷ್ಟರಲ್ಲಿ ಅತ್ತೆ ನನ್ನ ಬಾಯಿ ಮುಚ್ಚಿದರು.

"ಮೆತ್ತಗೆ! ಬಾಯಿ ಬಿಟ್ಟರೆ ಬಣ್ಣಗೇಡು. ಈ ಮನೆಗೆ ಆಮೇಲೆ ಹೊಲಿಯೋಕೆ ಬಟ್ಟೆ ಕೊಡೋರು ಯಾರು? ಇನ್ಮೇಲೆ ಇವಕ್ಕೆ ನೆಂಟರು ಅನ್ನು."

ಅತ್ತೆಯ ಭಯ ಸುಳ್ಳಾಗಿರಲಿಲ್ಲ. ಶಾಲೆಯ ದೊಡ್ಡ ಮೇಡಂ ಆಗಷ್ಟೇ ನನಗೆ ನಲವತ್ತು ಜೊತೆ ಸಮವಸ್ತ್ರ ಹೊಲಿಯಲು ಕೊಟ್ಟಿದ್ದರು. ಅಷ್ಟು ದೊಡ್ಡ ಕೆಲಸ ನನ್ನ ಪಾಲಿಗೆ ಅದೇ ಮೊದಲು. ಒಪ್ಪಿಗೆಯಾದರೆ ಪ್ರತಿ ವರ್ಷವೂ ನನ್ನದೇ. ಹೊಲಿದಷ್ಟೂ ಬಟ್ಟೆಗಳ ಗಂಟು ಮಾತ್ರ ಅದೇ ಮಂಚದ ಕೆಳಗೆ ಸೇರುತ್ತಿತ್ತು. ಹಾಗಾಗಿ ನಾನೂ ಬಾಯಿ ಮುಚ್ಚಿದೆ. "ಇವತ್ತು ಎಷ್ಟು ಜನ ನೆಂಟರು ಸಿಕ್ಕರು?" ಎಂದು ಮಗಳು ಕೇಳುವಳು, ನಾವು ನಗುವೆವು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ನಗುವ ನಗೆ ಅದು.

ನಮ್ಮ ಪಕ್ಕದ ಮನೆಯಾಕೆ ಬಸ್ ಕಂಡಕ್ಟರ್. ಒಂದು ದಿನ ನಲ್ಲಿಯ ಹತ್ತಿರ ಅತ್ತೆಯನ್ನು ಕೇಳಿದಳು:

"ಯಾಕಜ್ಜಿ, ಮುಖ ಬಾಡಿದೆ?"

"ಏನ್ ಹೇಳಲಮ್ಮ, ಮನೆ ತುಂಬ ನೆಂಟರು. ನಿದ್ದೆಯೇ ಇಲ್ಲ" ಎಂದುಬಿಟ್ಟರು ಅತ್ತೆ, ಅಭ್ಯಾಸಬಲದಿಂದ.

ಕಂಡಕ್ಟರ್ ತುಂಬ ಒಳ್ಳೆಯವಳು. ಸಂಜೆಯೇ ತನ್ನ ಮನೆಯ ಹೆಚ್ಚಿನ ಹಾಸಿಗೆಯನ್ನು ಹೊತ್ತು ತಂದಳು. "ನೆಂಟರಿಗೆ ಹಾಸಿಕೊಡಿ, ವಾರ ಬಿಟ್ಟು ಕೊಡಿ" ಎಂದಳು. ಬೇಡವೆಂದರೆ ನೆಂಟರು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ತೆಗೆದುಕೊಂಡೆವು. ವಾರದ ನಂತರ ನೀಟಾಗಿ ಮಡಚಿ ವಾಪಸ್ ಕೊಟ್ಟೆವು.

ಮತ್ತೆ ಮೂರು ವಾರಕ್ಕೆ ಗೋಡೆಯ ಆಚೆಯಿಂದ ಅವಳು ಕೂಗಿದಳು: "ಅಕ್ಕಾ, ಸ್ವಲ್ಪ ಬನ್ನಿ! ಪಾಪುಗೆ ಏನೋ ಆಗಿದೆ!"

ಅತ್ತೆ, ನಾನು ಇಬ್ಬರೂ ಓಡಿದೆವು. ಅಷ್ಟರಲ್ಲಾಗಲೇ ಛತ್ರಿ ಸಿಸ್ಟರ್ ಅಲ್ಲಿದ್ದರು. ಅವರು ನಮ್ಮ ಬೀದಿಯ ಆರೋಗ್ಯ ಕಾರ್ಯಕರ್ತೆ. ಬಿಸಿಲಿರಲಿ, ಮಳೆಯಿರಲಿ, ಕೈಯಲ್ಲಿ ಛತ್ರಿ ಇದ್ದೇ ಇರುತ್ತದೆ. ಮಗುವಿನ ಬೆನ್ನ ಮೇಲೆ ಒಂದೇ ಗೆರೆಯಲ್ಲಿ ಗುಳ್ಳೆಗಳಿದ್ದವು. ಸಿಸ್ಟರ್ ಛತ್ರಿಯ ತುದಿಯಿಂದ ಹಾಸಿಗೆಯ ಅಂಚು ಎತ್ತಿದರು. ಕಪ್ಪು ಚುಕ್ಕೆಯ ಮೇಲೆ ಒದ್ದೆ ಬಟ್ಟೆ ಉಜ್ಜಿದರು. ಹುಳು ಹೀರಿದ ರಕ್ತದ ಕಂದು ಬಣ್ಣ ಹರಡಿತು.

"ತಿಗಣೆ" ಎಂದರು.

ಕಂಡಕ್ಟರಮ್ಮನ ಕಣ್ಣಲ್ಲಿ ನೀರು ಬಂತು. "ನಾನು ಗಲೀಜು ಹೆಂಗಸಲ್ಲ ಸಿಸ್ಟರ್! ಡ್ಯೂಟಿಗೆ ಹೋಗೋ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ನೆಲ ಒರೆಸ್ತೀನಿ."

ಅತ್ತೆ ನನ್ನ ಸೊಂಟ ಚಿವುಟಿದರು. ಆದರೆ ನನಗೆ ನನ್ನ ಮೇಲೆಯೇ ಅಸಹ್ಯವಾಗಿತ್ತು. ನಮ್ಮ ಸುಳ್ಳಿಗೆ ಆ ಹೆಣ್ಣುಮಗಳು ತಲೆತಗ್ಗಿಸಿ ನಿಂತಿದ್ದಳು.

"ನಿಮ್ಮವಲ್ಲ ಕಣಮ್ಮ, ನಮ್ಮವು. ಅತ್ತೆ ನೆಂಟರು ಅಂದಿದ್ದು ಇವನ್ನೇ" ಎಂದೆ.

ಅವಳು "ನೆಂಟರಿಗೆ ಅಂತ ಹೊಸ ಕವರ್ ಬೇರೆ ಹಾಕಿ ಕೊಟ್ಟಿದ್ನಲ್ರೀ!" ಎಂದು ಕಿರುಚಿದಳು. ಬೈದಳು. ಬೈಸಿಕೊಂಡೆ, ಬೈಸಿಕೊಳ್ಳಬೇಕಾದ್ದೇ. ಬೈದು ಸುಸ್ತಾದ ಮೇಲೆ ಸಿಸ್ಟರ್ ಮಾತಾಡಿದರು.

"ತಿಗಣೆಗೆ ಕೊಳೆ ಬೇಕಾಗಿಲ್ಲ, ರಕ್ತ ಬೇಕು. ಅರಮನೆಯಾದರೂ ಅಷ್ಟೇ, ಗುಡಿಸಲಾದರೂ ಅಷ್ಟೇ. ಹಳೇ ಮಂಚ, ಹಳೇ ಸೋಫಾ, ಪ್ರಯಾಣದ ಬ್ಯಾಗು, ಎರವಲು ಹಾಸಿಗೆ, ಹೀಗೆ ಮನೆಯಿಂದ ಮನೆಗೆ ಹೋಗುತ್ತೆ. ಇದು ನಾಚಿಕೆಯ ವಿಷಯವೇ ಅಲ್ಲ. ಇದನ್ನ ಬಚ್ಚಿಟ್ಟರೆ ಮಾತ್ರ ಹೆಚ್ಚುತ್ತೆ."

ಅತ್ತೆ ಬಿಡುವವರಲ್ಲ. "ಹಾಸಿಗೆ ಬಿಸಿಲಿಗೆ ಹಾಕಿದರೆ ಆಯ್ತಪ್ಪ. ಅದಕ್ಕೆ ಇಷ್ಟೊಂದು ರಾಮಾಯಣ ಯಾಕೆ?"

"ಬಿಸಿಲು ಬಿದ್ದ ಕಡೆಯಿಂದ ಅದು ನೆರಳಿನ ಮಗ್ಗುಲಿಗೆ ಹೋಗುತ್ತೆ ಅಜ್ಜಿ. ಅದಕ್ಕೂ ಬುದ್ಧಿ ಇದೆ."

"ಹಾಗಾದ್ರೆ ಸೀಮೆಎಣ್ಣೆ. ಇಲ್ಲಾ, ಹೊಲಕ್ಕೆ ಹೊಡೆಯೋ ಔಷಧಿ. ನನ್ನ ಮಗ ಆಗಲೇ ಒಂದು ಡಬ್ಬ ತಂದಿಟ್ಟಿದ್ದಾನೆ."

ಸಿಸ್ಟರ್ ಛತ್ರಿಯನ್ನು ನೆಲಕ್ಕೆ ಕುಟ್ಟಿದರು. "ಅದನ್ನ ಮುಟ್ಟಲೂಬೇಡಿ! ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗೆ. ಸೀಮೆಎಣ್ಣೆಗೆ ಒಂದು ಕಿಡಿ ಸಾಕು. ಹೊಲದ ವಿಷ ಹಾಸಿಗೆಗೆ ಹಾಕಿದರೆ ತಿಗಣೆಗಿಂತ ಮೊದಲು ಮಗು ಆಸ್ಪತ್ರೆ ಸೇರುತ್ತೆ. ಅದನ್ನ ಕೊಲ್ಲೋದು ಬಿಸಿ. ಆದರೆ ಒಂದು ಮನೆ ಮಾಡಿದರೆ ಸಾಲದು. ಗೋಡೆಯ ಬಿರುಕಲ್ಲಿ ಪಕ್ಕದ ಮನೆಗೆ ದಾಟುತ್ತೆ. ಎಂಟೂ ಮನೆ ಒಂದೇ ದಿನ ಎದ್ದು ನಿಲ್ಲಬೇಕು."

"ಅಂದರೆ ಎಲ್ಲರಿಗೂ ಹೇಳಬೇಕಾ? ಶಾಲೆಯ ಕೆಲಸ ಕೈತಪ್ಪುತ್ತೆ ಕಣೇ" ಎಂದು ಅತ್ತೆ ನನ್ನತ್ತ ತಿರುಗಿದರು.

"ಹೋದರೆ ಹೋಗಲಿ ಅತ್ತೆ. ಒಂದು ಹುಳುವಿಗೆ ಹೆದರಿ ಮೂರು ತಿಂಗಳು ತಲೆತಗ್ಗಿಸಿದ್ದು ಸಾಕು."

ನೇರವಾಗಿ ನಲ್ಲಿಕಟ್ಟೆ ಹತ್ತಿ ನಿಂತೆ.

"ಎಲ್ಲರೂ ಕೇಳಿ! ನಮ್ಮನೇಲಿ ತಿಗಣೆ ಇದೆ! ತಿ-ಗ-ಣೆ! ಭಾನುವಾರ ಅವನ್ನ ಮುಗಿಸ್ತಿದ್ದೀವಿ. ಯಾರ ಮನೇಲಿದೆಯೋ ಅವರೂ ಬನ್ನಿ!"

ಬಾಗಿಲುಗಳು ಒಂದೊಂದಾಗಿ ತೆರೆದವು. ಆಮೇಲೆ ಐದನೇ ಮನೆಯ ಕ್ಷೌರಿಕರು ಬಾಗಿಲಿಗೆ ಬಂದು ಕೆಮ್ಮಿದರು. "ನಮ್ಮನೇಲೂ ಇವೆ ತಾಯಿ. ನಾವು 'ಬಾಡಿಗೆದಾರರು' ಅಂತಿದ್ವಿ."

"ನಾವು 'ಇನ್ಸ್‌ಪೆಕ್ಟರ್' ಅಂತಿದ್ವಿ" ಎಂದಳು ಎಂಟನೇ ಮನೆಯ ಮುದುಕಿ. ನಕ್ಕವರ ಕಣ್ಣಲ್ಲೆಲ್ಲ ನೀರು.

ಅದೇ ಧೈರ್ಯದಲ್ಲಿ ಶಾಲೆಗೆ ಹೋದೆ. ದೊಡ್ಡ ಮೇಡಂ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. "ಹೇಳದೆ ಕೊಟ್ಟಿದ್ದರೆ ನಲವತ್ತು ಮನೆಗೆ ನಾನೇ ತಿಗಣೆ ಹಂಚಿದ ಹಾಗಾಗ್ತಿತ್ತು ಮೇಡಂ. ಆ ಪಾಪ ನನಗೆ ಬೇಡ" ಎಂದೆ. "ಯೋಚನೆ ಮಾಡ್ತೀನಿ" ಎಂದಷ್ಟೇ ಅಂದರು. ಅತ್ತೆಗೆ ಅದನ್ನು ಹೇಳಿದಾಗ ಅವರು ಗೋಡೆಯ ಕಡೆ ಮುಖ ಮಾಡಿ ಕೂತರು.

ಭಾನುವಾರ ಬೀದಿಯ ತುಂಬ ಒಲೆ ಉರಿದವು. ಹೊದಿಕೆ, ದಿಂಬಿನ ಚೀಲಗಳನ್ನು ಮನೆಯೊಳಗೇ ಮೂಟೆ ಕಟ್ಟಿ, ದಾರಿಯಲ್ಲಿ ಒಂದೂ ಉದುರದಂತೆ ಹೊರತಂದು, ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದೆವು. ಮಕ್ಕಳನ್ನು ದೂರ ಕಳಿಸಿ ಮಂಚದ ಒಂದೊಂದು ಸಂದಿಗೂ ಕುದಿನೀರು ಸುರಿದೆವು. ಹಾಸಿಗೆಯ ಹೊಲಿಗೆ ನನ್ನ ಪಾಲಿಗೆ ಬಂತು. ಹೊಲಿಗೆಯ ಮಡಿಕೆಯಲ್ಲಿ ಏನು ಅಡಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಂಟು ಮನೆಯ ಹಾಸಿಗೆಗಳ ಅಂಚು ಬಿಡಿಸಿ, ಗಟ್ಟಿ ಬ್ರಷ್ಷಿನಿಂದ ಗುಡಿಸಿ, ಹಬೆಯ ಇಸ್ತ್ರಿ ಪೆಟ್ಟಿಗೆಯನ್ನು ಇಂಚಿಂಚೂ ನಿಧಾನವಾಗಿ ಎಳೆದೆ. ಗುಡಿಸಿದ್ದೆಲ್ಲ ಸೋಪು ನೀರಿಗೆ ಹೋಯಿತು. ನಮ್ಮವರು ನಲ್ಲಿ ಕೆಲಸದ ಬಿಳಿ ಸಿಮೆಂಟಿನಿಂದ ಗೋಡೆಗಳ ಬಿರುಕು ಮುಚ್ಚಿದರು. ವಿಷದ ಡಬ್ಬ ಬಂದ ಅಂಗಡಿಗೇ ವಾಪಸ್ ಹೋಯಿತು.

ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ನಾಲ್ಕು ಕಾಲಿಗೂ ಸೋಪು ನೀರಿನ ಬಟ್ಟಲು ಇಟ್ಟೆವು. "ಹೊದಿಕೆ ನೆಲಕ್ಕೆ ತಾಗಬಾರದು. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ, ಇಲ್ಲದಿದ್ದರೆ ತಿಗಣೆ ಹೋಯ್ತು, ಸೊಳ್ಳೆ ಬಂತು ಅಂತಾಗುತ್ತೆ" ಎಂದರು ಸಿಸ್ಟರ್. ಮೊಟ್ಟೆ ಒಡೆದು ಮತ್ತೆ ಮರಿ ಬರುತ್ತವೆಂದು ವಾರ ವಾರವೂ ಟಾರ್ಚ್ ಹಿಡಿದು ಹುಡುಕಿದೆವು, ಮತ್ತೆ ಕುದಿನೀರು ಸುರಿದೆವು. ಎರಡನೇ ವಾರ ಏಳು ಸಿಕ್ಕವು. ನಾಲ್ಕನೇ ವಾರ ಒಂದು. ಆಮೇಲೆ ಇಲ್ಲ.

ಸಮವಸ್ತ್ರಗಳನ್ನು ಒಂದೊಂದಾಗಿ ಬಿಸಿನೀರಿನಲ್ಲಿ ಒಗೆದು, ಪ್ರತಿ ಹೊಲಿಗೆಯ ಮೇಲೂ ಕಾದ ಇಸ್ತ್ರಿ ಎಳೆದು, ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟಿದ್ದೆ. ಒಂದು ದಿನ ದೊಡ್ಡ ಮೇಡಂ ತಾವೇ ಬಂದರು. ಹೇಳದೆ ಕೇಳದೆ ಒಳಗೆ ನಡೆದು ಮಂಚದ ಕೆಳಗೆ ಬಗ್ಗಿ ನೋಡಿದರು. ಒಂದು ಅಂಗಿಯ ಕಾಲರ್ ಮಗುಚಿದರು.

"ಮುಂದಿನ ವರ್ಷವೂ ನೀವೇ ಹೊಲಿಯಿರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಆ ಸಿಸ್ಟರನ್ನ ಸ್ವಲ್ಪ ನಮ್ಮನೆಗೂ ಕಳಿಸ್ತೀರಾ?" ಎಂದರು.

ಮೊನ್ನೆ ಆರನೇ ಮನೆಗೆ ಹೊಸಬರು ಬಂದರು. ಗಾಡಿಯಿಂದ ಹಳೆಯ ಸೋಫಾ ಇಳಿಸುತ್ತಿದ್ದರು. ನಮ್ಮ ಅತ್ತೆ ಟಾರ್ಚ್ ಹಿಡಿದು ಓಡಿದ್ದನ್ನು ನೀವು ನೋಡಬೇಕಿತ್ತು. ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ಏಯ್, ಅಲ್ಲೇ ನಿಲ್ಲಿಸ್ರಪ್ಪಾ! ತಿಗಣೆ ಇದೆಯಾ ನೋಡದೆ ಒಳಗೆ ತಗೊಂಡು ಹೋಗ್ಬೇಡಿ!"

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮಗೊಂದು ಮಾತು. ಈಗಲೇ ಎದ್ದು ಹಾಸಿಗೆಯ ಅಂಚು ಬಿಡಿಸಿ ನೋಡಿ. ಕಂಡರೆ ಅಂಜಬೇಡಿ, ವಿಷಕ್ಕೆ ಕೈ ಹಾಕಬೇಡಿ. ನೀರು ಕಾಯಿಸಿ, ಪಕ್ಕದ ಮನೆಯ ಬಾಗಿಲು ತಟ್ಟಿ, ನಿಮ್ಮ ಆರೋಗ್ಯ ಕಾರ್ಯಕರ್ತೆಯನ್ನು ಕರೆಯಿರಿ. ನಿಮ್ಮ ಕೈಲಾಗದಷ್ಟು ಹೆಚ್ಚಿದ್ದರೆ ತಿಳಿದವರಿಂದಲೇ ಔಷಧಿ ಹೊಡೆಸಿ. ಆದರೆ ಎಲ್ಲಕ್ಕಿಂತ ಮೊದಲು ಅದರ ಹೆಸರನ್ನು ಗಟ್ಟಿಯಾಗಿ ಹೇಳಿ. ಅಡಗಿ ಕೂರಬೇಕಾದದ್ದು ತಿಗಣೆ, ನೀವಲ್ಲ.