ಕೆಂಪು ಗಿಳಿಗೆ ಫೀಜು ಎಷ್ಟು?

ನಿಜಾಮರ ಆಳ್ವಿಕೆಯ ಕಾಲ. ಕಮಲಾಪುರದ ನೀಲಗಂಗಮ್ಮ ಕುಟ್ಟುವ ಶೇಂಗಾ ಹಿಂಡಿಗೆ, ಅಂದರೆ ಕಡಲೆಕಾಯಿ ಚಟ್ನಿಪುಡಿಗೆ, ಕಲಬುರಗಿ ಪೇಟೆಯವರೆಗೂ ಹೆಸರಿತ್ತು. ಪ್ರತಿ ಪೊಟ್ಟಣದ ಮೇಲೆ ಒಂದು ಕೆಂಪು ಗಿಳಿಯ ಛಾಪು. ಗಿಳಿ ಕೆಂಪೇಕೆ ಎಂದು ಕೇಳಬೇಡಿ, ಹಸಿರು ಬಣ್ಣ ತುಟ್ಟಿಯಾಗಿತ್ತು.

ಒಂದು ದಿನ ಪಕ್ಕದ ಮನೆಯ ಭಾಗಮ್ಮ ಪೊಟ್ಟಣ ಹಿಡಿದುಕೊಂಡು ದಬದಬನೆ ಬಂದಳು.

"ಏನವಾ ನೀಲಗಂಗಾ, ಹಿಂಡ್ಯಾಗ ಉಸುಕು ಹಾಕಲಾಕತ್ತೀಯೇನು? ಕಲಬುರಗಿ ಪ್ಯಾಟ್ಯಾಗ ತಂದಿದ್ದು ನೋಡು! ನಮ್ಮತ್ತಿಗಿ ಉಳದಿದ್ದೇ ಎರಡು ಹಲ್ಲು. ಅದರಾಗ ಒಂದು ಹೋತು!"

ನೀಲಗಂಗಮ್ಮ ಪೊಟ್ಟಣ ತಿರುಗಿಸಿ ನೋಡಿದಳು. ಗಿಳಿ ಅವಳದೇ, ಹಿಂಡಿ ಅವಳದಲ್ಲ. ಪೇಟೆಯ ಯಾವನೋ ಅಂಗಡಿಯವನು ಅವಳ ಛಾಪು ಒತ್ತಿ ತನ್ನ ಮಾಲು ಮಾರುತ್ತಿದ್ದ. ಹತ್ತು ವರ್ಷ ಒನಕೆ ಹಿಡಿದು ಗಳಿಸಿದ ಹೆಸರು! ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

ಗಂಡ ಸೂಗಪ್ಪ ಮಾತ್ರ ಎಲೆ ಮಡಚುತ್ತ ಕೂತಿದ್ದ.

"ಹೋಗ್ಲಿ ಬಿಡು. ಗಿಳಿ ಏನು ನಾವು ಸಾಕಿದ್ದೇನು?"

"ನಾ ಸಾಕೀನ್ರಿ! ಈ ಕೈಲೇ ಸಾಕೀನಿ. ಕಲಬುರಗಿ ಕಚೇರ್ಯಾಗ ಆ ಛಾಪು ನಮ್ಮ ಹೆಸರಲೇ ಬರಸ್ರಿ."

"ಬರಸೋದಂದ್ರ ಸಸಾರೇನು? ಎತ್ತು ಮಾರಬೇಕಾಗ್ತದ."

"ಎಷ್ಟು ಖರ್ಚು ಅಂತ ಯಾರಿಗರೆ ಕೇಳೀರಿ?"

"ಅದರಾಗ ಕೇಳೋದೇನದ? ಎಲ್ಲಾರಿಗೂ ಗೊತ್ತದ."

ಎಲ್ಲರಿಗೂ ಗೊತ್ತಿದೆ ಎನ್ನುವವರು ಸಾಮಾನ್ಯವಾಗಿ ಯಾರನ್ನೂ ಕೇಳಿರುವುದಿಲ್ಲ. ನಮ್ಮ ಸೂಗಪ್ಪನೂ ಅದೇ ಜಾತಿ.

ನೀಲಗಂಗಮ್ಮ ಬಿಡಲಿಲ್ಲ. "ಗಡ್ಡಕ್ಕ ಬೆಂಕಿ ಹತ್ತಿದ ಮ್ಯಾಲ ಬಾವಿ ತೋಡ್ತೀರೇನು?" ಎಂದು ಹಿಂಡಿ ಮಾರಿ ಕೂಡಿಸಿದ್ದ ಹತ್ತು ರೂಪಾಯಿಯನ್ನು ಅವನ ಕೈಗಿಟ್ಟು, ತಾನೂ ಚಕ್ಕಡಿ ಹತ್ತಿದಳು. ದೊಡ್ಡವರ ಮುಂದೆ ಖಾಲಿ ಕೈಯಲ್ಲಿ ನಿಲ್ಲಬಾರದು, ನಜರಾನೆ ಒಪ್ಪಿಸಬೇಕು ಎಂಬುದು ಅಂದಿನ ರೂಢಿ. ಸೂಗಪ್ಪ ತೋಟದ ಕೆಂಪು ಬಾಳೆಹಣ್ಣಿನ ಒಂದು ದೊಡ್ಡ ಬುಟ್ಟಿ ಏರಿಸಿದ.

ಮರುದಿನ ಕಲಬುರಗಿಯಲ್ಲಿ ಹೆಂಡತಿಯನ್ನೂ ಬುಟ್ಟಿಯನ್ನೂ ಕಚೇರಿಯ ಮುಂದೆ ಕೂರಿಸಿ, ಈಗ ಬಂದೆ ಎಂದು ಹೋದವನು ಬೇರೆಯೇ ಮನುಷ್ಯನಾಗಿ ಬಂದ. ಮೈಮೇಲೆ ಮೊಣಕಾಲು ದಾಟಿದ ಶೇರವಾನಿ, ತಲೆಯ ಮೇಲೆ ಕೆಂಪು ರೂಮಿ ಟೋಪಿ.

"ಅಯ್ಯ ನನ್ನ ಶಿವನ! ಇದೇನ್ರೀ?"

"ಬಾಡಿಗಿ. ಎರಡು ರೂಪಾಯಿ. ಸಾಹೇಬ್ರ ಮುಂದ ಧೋತರದಾಗ ನಿಂದ್ರಲೇನು?"

ಜೊತೆಗೊಬ್ಬ ದಲ್ಲಾಳಿಯೂ ಇದ್ದ. ಒಳಗೆ ತನ್ನ ಮಾತು ನಡೆಯುತ್ತದೆ ಎಂದು ಎರಡು ರೂಪಾಯಿ ಇಸಿದುಕೊಂಡು ಮುಂದಿನ ಬಾಗಿಲಿನಿಂದ ಒಳಗೆ ಹೋದ. ಹಿಂದಿನ ಬಾಗಿಲಿನಿಂದ ಹೋಗೇ ಬಿಟ್ಟ.

ಕಾದು ಸಾಕಾಗಿ ಸೂಗಪ್ಪ ತಾನೇ ಬುಟ್ಟಿ ಹೊತ್ತು ಒಳಗೆ ನಡೆದ. ಗುಮಾಸ್ತ ತಲೆ ಎತ್ತಿ ನೋಡಿದ.

"ಹಣ್ಣು ಹೊರಗ ಒಯ್ರಿ. ಇಲ್ಲಿ ಅರ್ಜಿ ತಗೋತೀವಿ, ಫೀಜು ತಗೋತೀವಿ, ರಸೀದಿ ಕೊಡ್ತೀವಿ."

ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವ ಖಮರುದ್ದೀನ್ ಕೂತಿದ್ದ. ನೀಲಗಂಗಮ್ಮನ ಹಿಂಡಿಗೆ ಹಳೆಯ ಗಿರಾಕಿ.

"ಬರ್ರಿ ಸೂಗಪ್ಪಣ್ಣ, ಯಾರ ಶಾದಿ?" ಎಂದು ನಕ್ಕ.

ನೀಲಗಂಗಮ್ಮ ಎಲ್ಲ ಹೇಳಿ, "ಖರ್ಚು ಎಷ್ಟು ಹೇಳ್ರಿ, ಖಮರುಭಾಯ್" ಎಂದಳು.

"ಒಂದು ಛಾಪು, ಒಂದು ಬಗಿ ಮಾಲು, ಐದು ರೂಪಾಯಿ ಫೀಜು. ಕಾಗದ, ಬರವಣಿಗಿ ಎರಡು ರೂಪಾಯಿ. ಒಟ್ಟು ಏಳು. ಯಾರರೆ ತಕರಾರು ಹಾಕಿದ್ರ ವಕೀಲರ ಖರ್ಚು ಬ್ಯಾರೆ. ಇಷ್ಟು ವರ್ಷ ಅಂತ ಮುದ್ದತ್ತು ಇರ್ತದ, ಅದು ಮುಗದ ಮ್ಯಾಲ ಮತ್ತ ಫೀಜು ಕಟ್ಟಬೇಕು. ಇಷ್ಟೇ."

"ಏಳೇ ಏನು!" ಸೂಗಪ್ಪ ಹಿಗ್ಗಿಹೋದ. "ಹಂಗಾದ್ರ ಬರಕೋರಿ. ಹಿಂಡಿ, ಸಾಬೂನು, ಕಂಬಳಿ, ಗ್ರಾಮಫೋನು. ಎಲ್ಲಾದಕ್ಕೂ ನಮ್ಮ ಗಿಳಿ!"

"ಗ್ರಾಮಫೋನು ಮಾಡ್ತೀರೇನು?"

"ಮುಂದ ಮಾಡಿದ್ರ?"

"ಅಣ್ಣಾ, ತಿನ್ನೋದಕ್ಕ ಒಂದು ಫೀಜು, ತಿಕ್ಕೋದಕ್ಕ ಒಂದು, ಹೊಚಿಗೊಳ್ಳೋದಕ್ಕ ಒಂದು, ಹಾಡೋದಕ್ಕ ಒಂದು. ಫೀಜೇ ಇಪ್ಪತ್ತು ಆಗ್ತದ."

ಸೂಗಪ್ಪ ಟೋಪಿ ತೆಗೆದು ಗಾಳಿ ಬೀಸಿಕೊಂಡ. ನೀಲಗಂಗಮ್ಮ, "ಬಿತ್ತಲಾರದ ಹೊಲಕ್ಕ ಬೇಲಿ ಯಾಕ್ರಿ? ನಾ ಕುಟ್ಟೋದು ಹಿಂಡಿ. ಹಿಂಡಿ ಒಂದೇ ಬರೀರಿ" ಎಂದಳು.

ಖಮರುದ್ದೀನ್ ಕಾಗದ ತೆಗೆದ. "ಲಗೂನ ಮಾಡ್ರಿ, ಅಕ್ಕಾ. ಆ ಅಂಗಡ್ಯಾಂವ ಇದೇ ಗಿಳಿ ಬರಸ್ಲಾಕ ನನ್ನ ಕಡಿ ಬಂದಿದ್ದ, ನಾಳಿ ಮತ್ತ ಬರ್ತೀನಂದಾನ."

ಸೂಗಪ್ಪ ಚೀಲ ಕೊಡವಿದ. ಆರು ರೂಪಾಯಿ! ಬೇಕಾದದ್ದು ಏಳು. ನಾಲ್ಕು ರೂಪಾಯಿ ಶೇರವಾನಿಗೂ ದಲ್ಲಾಳಿಗೂ ಹೋಗಿತ್ತು.

"ನನ್ನ ಹತ್ತು ವರ್ಷದ ಹೆಸರು ಒಂದು ರೂಪಾಯಿಗಿ ಹೋಗ್ಬೇಕೇನ್ರಿ?" ಅವಳ ಕಣ್ಣು ತುಂಬಿತು.

ಸೂಗಪ್ಪ ಅವಳ ಮುಖ ನೋಡಿದ. ಬುಟ್ಟಿ ಎತ್ತಿಕೊಂಡು ಕಚೇರಿಯ ಗೇಟಿಗೆ ಹೋಗಿ ಕೂತ.

"ಕಮಲಾಪುರದ ಕೆಂಪು ಬಾಳಿಹಣ್ಣು! ಬರ್ರಿ, ಬರ್ರಿ!"

ಶೇರವಾನಿ ತೊಟ್ಟು ಬಾಳೆಹಣ್ಣು ಮಾರುವವನನ್ನು ಕಲಬುರಗಿ ಅಂದೇ ಮೊದಲು ನೋಡಿದ್ದು. ಯಾರೋ ದೊಡ್ಡ ಮನೆತನದವರು ದಿವಾಳಿ ಎದ್ದಿದ್ದಾರೆಂದು ಕೆಲವರು ಮರುಗಿ ಹಣ್ಣು ಕೊಂಡರು. ಬೆಳಿಗ್ಗೆ ಹಣ್ಣು ಹೊರಗೆ ಕಳಿಸಿದ ಗುಮಾಸ್ತನೂ ಬಂದು, ರೊಕ್ಕ ಕೊಟ್ಟು ಒಂದು ಡಜನ್ ಒಯ್ದ. ಬುಟ್ಟಿ ಖಾಲಿಯಾಗುವ ಮೊದಲೇ ರೂಪಾಯಿ ಕೂಡಿತ್ತು.

ಕಚೇರಿ ಮುಚ್ಚುವುದರೊಳಗೆ ಅರ್ಜಿ ಒಳಗೆ ಬಿತ್ತು, ರಸೀದಿ ಹೊರಗೆ ಬಂತು. ಅದರಲ್ಲಿ ಯಾರ ಹೆಸರಿದೆ ಎಂದು ನೀಲಗಂಗಮ್ಮ ಎರಡು ಸಲ ಓದಿಸಿ ಕೇಳಿದಳು. ಅವಳದೇ ಹೆಸರು. ಮರುದಿನ ಬಂದ ಅಂಗಡಿಯವನಿಗೆ ಗುಮಾಸ್ತ ಪುಸ್ತಕ ತೆಗೆದು ತೋರಿಸಿದ, "ಈ ಗಿಳಿಗಿ ಮಾಲಕಿ ಅದಾಳ."

ಸೂಗಪ್ಪ ಆಮೇಲೆ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ: "ಫೀಜು ಭಾಳ ಇಲ್ಲಪಾ. ನಮ್ಮ ಶಾಣ್ಯಾತನಕ್ಕೇ ರೊಕ್ಕ ಹೋಗ್ತಾವ."

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆಯ ರೂಪಾಯಿಗಳು ಕಥೆಗಾಗಿ ಹೇಳಿದವು. ಇಂದಿನ ಫೀಜು ಬೇರೆ. ಆದರೆ ಇಂದಿಗೂ ಇಂಥ ಛಾಪಿಗೆ, ಅಂದರೆ ಟ್ರೇಡ್‌ಮಾರ್ಕ್‌ಗೆ, ಮಾಲಿನ ಒಂದೊಂದು ವರ್ಗಕ್ಕೆ ಒಂದೊಂದು ಫೀಜು. ನಿಮ್ಮಂಥ ಒಬ್ಬ ವ್ಯಕ್ತಿಗೆ, ಸಣ್ಣ ಉದ್ಯಮಕ್ಕೆ ದೊಡ್ಡ ಕಂಪನಿಗಿಂತ ಕಡಿಮೆ. ವಕೀಲರ ಖರ್ಚು ಬೇರೆ. ಹತ್ತು ವರ್ಷಕ್ಕೊಮ್ಮೆ ನವೀಕರಣ. ಹಪ್ಪಳವಾಗಲಿ, ಹಿಂಡಿಯಾಗಲಿ, ನಿಮ್ಮ ಕೈಯ ರುಚಿಗೆ ಬಂದ ಹೆಸರು ಇನ್ನೊಬ್ಬರ ಡಬ್ಬಿಯ ಮೇಲೆ ಏರುವ ಮೊದಲು ಎಷ್ಟಾಗುತ್ತದೆ ಎಂದು ಗೊತ್ತಿದ್ದವರನ್ನು ಕೇಳಿ. ಕೇಳುವುದಕ್ಕೆ ಯಾವ ಫೀಜೂ ಇಲ್ಲ.